ಬಿ.ಪಿ. ನೋಡಿದರು, ನಡಿಗೆ ನೋಡಲಿಲ್ಲ

ನಮ್ಮ ದೊಡ್ಡಮ್ಮ ಆಳಂದ ತಾಲೂಕಿನ ಒಂದು ಹಳ್ಳಿಯಲ್ಲಿದ್ದಾರೆ. ವಯಸ್ಸು ಎಪ್ಪತ್ತೆರಡೋ ಎಪ್ಪತ್ತಾರೋ. ಆಧಾರ್ ಕಾರ್ಡ್ ಒಂದು ಹೇಳುತ್ತದೆ, ಅವರು ಇನ್ನೊಂದು ಹೇಳುತ್ತಾರೆ. ಪ್ರತಿ ತಿಂಗಳು ತಪ್ಪದೆ ಬಿ.ಪಿ., ಶುಗರ್ ಗುಳಿಗೆ ತರಲು ಸರಕಾರಿ ಆರೋಗ್ಯ ಕೇಂದ್ರಕ್ಕೆ ಹೋಗುತ್ತಿದ್ದರು. ಅಲ್ಲಿ ಕೂರಿಸಿ ಬಿ.ಪಿ. ನೋಡುತ್ತಿದ್ದರು, ಬೆರಳು ಚುಚ್ಚುತ್ತಿದ್ದರು, ಕಾರ್ಡಿನಲ್ಲಿ ಬರೆದು ಒಂದು ತಿಂಗಳ ಗುಳಿಗೆ ಕೊಟ್ಟು ಕಳಿಸುತ್ತಿದ್ದರು. ಹೋದ ವರ್ಷ ಬಚ್ಚಲಲ್ಲಿ ಬಿದ್ದು ಟೊಂಕ, ಅಂದರೆ ಸೊಂಟದ ಕೀಲಿನ ಎಲುಬು, ಮುರಿದುಕೊಂಡರು. ಆಪರೇಷನ್ ಆದ ಮೇಲೆ ಮಂಚದ ಪಕ್ಕ ಕೂತು ಆ ಕಾರ್ಡನ್ನು ತಿರುವಿ ನೋಡಿದೆ. ಹನ್ನೊಂದು ತಿಂಗಳ ಬಿ.ಪಿ. ಬರೆದಿತ್ತು. ಅಕ್ಷರ ಮುತ್ತಿನ ಹಾಗಿತ್ತು. ಆಗ ದೊಡ್ಡಮ್ಮ ಮೆಲ್ಲಗೆ ಬಾಯಿಬಿಟ್ಟರು. ಇದು ಮೊದಲನೇ ಸಲ ಅಲ್ಲವಂತೆ, ನಾಲ್ಕನೇ ಸಲವಂತೆ. "ಬಿದ್ದಿದ್ದೆ ಖರೆ. ಯಾರಿಗಿ ಹೇಳ್ಬೇಕು? ಯಾರರೆ ಕೇಳ್ಯಾರೇನು?"

ಯಾರೂ ಕೇಳಿರಲಿಲ್ಲ. ನಾವೂ ಕೇಳಿರಲಿಲ್ಲ, ಅದನ್ನು ಮೊದಲೇ ಒಪ್ಪಿಕೊಳ್ಳುತ್ತೇನೆ. ಆದರೆ ನಾವು ಕಲಬುರಗಿಯಲ್ಲಿ ಕೂತು ವಾರಕ್ಕೊಮ್ಮೆ "ಆರಾಮ ಇದ್ದೀರಾ?" ಅಂತ ಫೋನ್ ಮಾಡುವವರು. ತಿಂಗಳಿಗೊಮ್ಮೆ ಎದುರು ಕೂರಿಸಿಕೊಂಡು ತೋಳಿಗೆ ಪಟ್ಟಿ ಸುತ್ತುವವರು ಆರೋಗ್ಯ ಸಿಬ್ಬಂದಿ. ವಯಸ್ಸಾದವರು ಬೀಳುವುದನ್ನು ತಡೆಯಲು ಹೊಸ ಕಟ್ಟಡ, ಹೊಸ ಯಂತ್ರ ಏನೂ ಬೇಕಿಲ್ಲ, ಆ ಹತ್ತು ನಿಮಿಷದ ಭೇಟಿಯನ್ನು ಸರಿಯಾಗಿ ಬಳಸಿಕೊಂಡರೆ ಅರ್ಧ ಕೆಲಸ ಆದಂತೆ ಅಂತ ನನಗೆ ಅನಿಸುತ್ತದೆ. ಉಳಿದರ್ಧ ಮಾತ್ರ ಕಷ್ಟದ್ದು.

ಮೊದಲು ಈ ಸಮಸ್ಯೆ ಎಷ್ಟು ದೊಡ್ಡದು ನೋಡೋಣ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 6,84,000 ಜನ ಬಿದ್ದು ಸಾಯುತ್ತಾರೆ. ಅಪಘಾತದ ಸಾವುಗಳಲ್ಲಿ ರಸ್ತೆ ಅಪಘಾತ ಬಿಟ್ಟರೆ ನಂತರದ ಜಾಗ ಇದಕ್ಕೆ. ಸತ್ತವರಲ್ಲಿ ನೂರಕ್ಕೆ ಎಂಬತ್ತಕ್ಕಿಂತ ಜಾಸ್ತಿ ಜನ ನಮ್ಮಂಥ ಬಡ, ಮಧ್ಯಮ ಆದಾಯದ ದೇಶಗಳವರು. ಅರುವತ್ತು ದಾಟಿದವರ ಪಾಲೇ ಹೆಚ್ಚು. ಅದೇ ಸಂಸ್ಥೆ ಹೇಳುವ ಹಾಗೆ 65 ದಾಟಿದ ನೂರು ಜನರಲ್ಲಿ 28ರಿಂದ 35 ಮಂದಿ ವರ್ಷಕ್ಕೆ ಒಮ್ಮೆಯಾದರೂ ಬೀಳುತ್ತಾರೆ.

ನಮ್ಮ ಕಡೆ ಈ ಸಾವು ಬಿದ್ದ ಸಾವು ಅಂತ ಲೆಕ್ಕಕ್ಕೇ ಬರುವುದಿಲ್ಲ. ಮಣ್ಣಿಗೆ ಹೋದಾಗ ಕೇಳಿ ನೋಡಿ. "ಏನಾಗಿತ್ತು?" "ಆರು ತಿಂಗಳಿಂದ ಹಾಸಿಗೆ ಹಿಡಿದಿದ್ರು." ಹಾಸಿಗೆ ಯಾಕೆ ಹಿಡಿದರು ಅಂತ ಇನ್ನೊಂದು ಪ್ರಶ್ನೆ ಕೇಳಿದರೆ ಬಚ್ಚಲೋ, ಮಾಳಿಗೆಯ ಮೆಟ್ಟಿಲೋ, ರಾತ್ರಿಯ ಕತ್ತಲೋ ಹೊರಗೆ ಬರುತ್ತದೆ. ಟೊಂಕ ಮುರಿದ ವೃದ್ಧರಲ್ಲಿ ಐದರಲ್ಲಿ ಒಬ್ಬರಾದರೂ ಒಂದು ವರ್ಷದೊಳಗೆ ತೀರಿಕೊಳ್ಳುತ್ತಾರೆ ಅಂತ ಹಲವು ದೇಶಗಳ ಅನುಭವ ಹೇಳುತ್ತದೆ. ಮುರಿದ ಎಲುಬು ನೇರವಾಗಿ ಕೊಲ್ಲುವುದಿಲ್ಲ. ಮಲಗಿದಲ್ಲೇ ಮಲಗಿದ್ದರಿಂದ ಬರುವ ನ್ಯುಮೋನಿಯಾ, ಬೆನ್ನಿನ ಹುಣ್ಣು, ಕಾಲಿನಲ್ಲಿ ಹೆಪ್ಪುಗಟ್ಟುವ ರಕ್ತ ಕೊಲ್ಲುತ್ತವೆ.

ಇಷ್ಟಾದರೂ ಅವರು ಯಾಕೆ ಹೇಳುವುದಿಲ್ಲ? ದೊಡ್ಡಮ್ಮನ ಮಗ, ಸೊಸೆ ಪುಣೆಯಲ್ಲಿ ಕಟ್ಟಡ ಕೆಲಸಕ್ಕೆ ಹೋಗಿದ್ದಾರೆ. ಯಾದಗಿರಿ, ಕಲಬುರಗಿ, ಬೀದರ್ ಮೂರೂ ಜಿಲ್ಲೆಗಳ ಹಳ್ಳಿಗಳಿಂದ ಜನ ಬೆಂಗಳೂರು, ಮುಂಬೈ, ಪುಣೆ, ಹೈದರಾಬಾದಿಗೆ ಗುಳೆ ಹೋಗುವುದು ಹೊಸದಲ್ಲ. ಊರಲ್ಲಿ ಉಳಿಯುವವರು ಮುದುಕರು, ಮೊಮ್ಮಕ್ಕಳು, ಒಂದೆರಡು ಎಮ್ಮೆ. ಬಿದ್ದೆ ಅಂತ ಹೇಳಿದರೆ ಮಗ ಕೂಲಿ ಬಿಟ್ಟು ಬರಬೇಕು. ಇಲ್ಲಾ ಅವರನ್ನೇ ಪುಣೆಯ ತಗಡಿನ ಶೆಡ್ಡಿಗೆ ಕರೆದುಕೊಂಡು ಹೋಗಬೇಕು. ಎರಡೂ ಬೇಡ ಅಂದರೆ ಬಾಯಿ ಮುಚ್ಚಿಕೊಂಡಿರಬೇಕು. ಊರ ದೊಡ್ಡ ಮನೆಗಳ ಕತೆಯೂ ಇದೇ. "ಇನ್ನು ಒಬ್ಬರೇ ಹೊರಗೆ ಹೋಗಬೇಡಿ" ಅನ್ನುವ ಒಂದು ಮಾತಿಗೆ ಹಿರಿಯರು ಹೆದರುತ್ತಾರೆ. ಗುಡಿ ಕಟ್ಟೆ, ಹೊಲ, ಸಂತೆ ಎಲ್ಲಾ ಒಂದೇ ಮಾತಿಗೆ ಹೋಗಿಬಿಡುತ್ತವೆ. ಮನೆಯವರೂ ಕೆಲವೊಮ್ಮೆ ಮುಚ್ಚಿಡುತ್ತಾರೆ, ನೋಡಿಕೊಳ್ಳಲಿಲ್ಲ ಅಂತ ಊರು ಆಡಿಕೊಳ್ಳುತ್ತದಲ್ಲ.

ಅಮೆರಿಕದಲ್ಲೂ ಹೀಗೇ ಅಂತೆ. ಬಿದ್ದ ಹಿರಿಯರಲ್ಲಿ ಅರ್ಧಕ್ಕಿಂತ ಕಡಿಮೆ ಮಂದಿ ಅದನ್ನು ಡಾಕ್ಟರಿಗೆ ಹೇಳುತ್ತಾರೆ ಅಂತ ಅಲ್ಲಿನ ರೋಗ ನಿಯಂತ್ರಣ ಕೇಂದ್ರ, ಅಂದರೆ ಸಿಡಿಸಿ, ಹೇಳುತ್ತದೆ. ಅದಕ್ಕೇ ಅದು ಪ್ರಾಥಮಿಕ ಆರೋಗ್ಯದ ಡಾಕ್ಟರುಗಳಿಗೆ ಮೂರು ಪ್ರಶ್ನೆ ಕಲಿಸಿದೆ. ಈ ವರ್ಷ ಬಿದ್ದಿದ್ದೀರಾ? ನಿಂತಾಗ, ನಡೆಯುವಾಗ ತೂಗಾಡಿದಂತೆ ಆಗುತ್ತದಾ? ಬೀಳುತ್ತೇನೆ ಅಂತ ಹೆದರಿಕೆ ಇದೆಯಾ? ಒಂದಕ್ಕೆ ಹೌದು ಅಂದರೂ ಮುಂದಿನ ಪರೀಕ್ಷೆ ಮಾಡಬೇಕು.

ನಾನು ಇದನ್ನು ಓದಿದಾಗ "ನಮ್ಮಲ್ಲಿ ಯಾರು ಇದನ್ನೆಲ್ಲ ಕೇಳುತ್ತಾರೆ" ಅಂದುಕೊಂಡಿದ್ದೆ. ಆಮೇಲೆ ಪರಿಚಯದ ಆಶಾ ಕಾರ್ಯಕರ್ತೆ ಒಬ್ಬರು ತಮ್ಮ ಸಿಬ್ಯಾಕ್ ಫಾರಂ ತೋರಿಸಿದರು. ಮೂವತ್ತು ದಾಟಿದ ಎಲ್ಲರ ಮನೆಗೂ ಹೋಗಿ ಆಶಾಗಳು ತುಂಬುವ ಫಾರಂ ಅದು. ತಂಬಾಕು, ಸೊಂಟದ ಸುತ್ತಳತೆ, ಕೆಮ್ಮು ಎಲ್ಲಾ ಕೇಳಿ, ಅರುವತ್ತು ದಾಟಿದವರಿಗೆ ಅಂತ ಒಂದು ಪುಟ್ಟ ಭಾಗ ಇದೆ. ಅದರ ಮೊದಲ ಪ್ರಶ್ನೆ ಏನು ಗೊತ್ತಾ? ನಿಂತಾಗ ಅಥವಾ ನಡೆಯುವಾಗ ಅಸ್ಥಿರ ಅನಿಸುತ್ತದೆಯೇ?

ಅಂದರೆ ಪ್ರಶ್ನೆ ಇದೆ, ಸರಕಾರದ ಕಾಗದದಲ್ಲೇ ಇದೆ. "ಹೌದು ಅಂದವರದ್ದು ಏನು ಮಾಡ್ತೀರಿ?" ಅಂತ ಕೇಳಿದೆ. ಆಕೆ ನಕ್ಕರು. "ಹೌದಕ್ಕ ಟಿಕ್ ಹಾಕ್ತೀವ್ರಿ. ಡಾಕ್ಟರ್ ಕಡಿ ಹೋಗ್ರಿ ಅಂತೀವಿ." ಅಲ್ಲಿಗೆ ಮುಗಿಯಿತು. ಬಿ.ಪಿ. ಜಾಸ್ತಿ ಬಂದರೆ ಗುಳಿಗೆ ಇದೆ, ಕಾರ್ಡ್ ಇದೆ, ಮುಂದಿನ ತಿಂಗಳ ತಾರೀಕು ಇದೆ. ನಡಿಗೆ ತೂಗಾಡಿದರೆ ಒಂದು ಟಿಕ್ ಇದೆ, ಅಷ್ಟೇ. ಉತ್ತರ ಸಿಕ್ಕ ಮೇಲೆ ಅದು ಎಲ್ಲಿಗೆ ಹೋಗಬೇಕು ಅನ್ನುವುದಕ್ಕೆ ದಾರಿಯೇ ಇಲ್ಲ. ನನ್ನ ಪ್ರಕಾರ ಇಡೀ ಸಮಸ್ಯೆ ಇಲ್ಲಿದೆ.

ಎದ್ದು ನಿಂತಾಗಿನ ಬಿ.ಪಿ.

ಆ ದಾರಿಯಲ್ಲಿ ಮೊದಲ ಹೆಜ್ಜೆಗೆ ಒಂದು ರೂಪಾಯಿ ಖರ್ಚಿಲ್ಲ. ಕೂತಾಗಲೋ ಮಲಗಿದಾಗಲೋ ಬಿ.ಪಿ. ನೋಡಿ, ಎದ್ದು ನಿಲ್ಲಿಸಿ ಇನ್ನೊಮ್ಮೆ ನೋಡುವುದು. ನಾವು ಎದ್ದ ಕೂಡಲೇ ಅರ್ಧ ಲೀಟರಿಗಿಂತ ಜಾಸ್ತಿ ರಕ್ತ ಹೊಟ್ಟೆ, ಕಾಲುಗಳ ಕಡೆ ಇಳಿಯುತ್ತದೆ. ಚಿಕ್ಕವರಲ್ಲಿ ರಕ್ತನಾಳಗಳು ತಟ್ಟನೆ ಬಿಗಿಯಾಗಿ, ಹೃದಯ ಜೋರಾಗಿ ಬಡಿದು, ಒತ್ತಡ ಸರಿಯಾಗುತ್ತದೆ. ವಯಸ್ಸಾದಂತೆ ಈ ಚುರುಕು ಹೋಗುತ್ತದೆ. ಹಳೆಯ ಸಕ್ಕರೆ ಕಾಯಿಲೆ ಇದ್ದರೆ ನರಗಳೇ ಸಂದೇಶ ತಡವಾಗಿ ಮುಟ್ಟಿಸುತ್ತವೆ. ತಲೆಗೆ ರಕ್ತ ಕಡಿಮೆಯಾಗಿ, ನಮ್ಮ ಜನ ಹೇಳುವ ಹಾಗೆ "ಕಣ್ಣಿಗಿ ಕತ್ತಲಿ ಬರ್ತದ, ಚಕ್ಕರ್ ಬರ್ತದ". ನಿಂತ ಮೂರು ನಿಮಿಷದೊಳಗೆ ಮೇಲಿನ ಅಂಕಿ 20 ಅಥವಾ ಕೆಳಗಿನ ಅಂಕಿ 10 ಇಳಿದರೆ ಅದು ಕಾಯಿಲೆಯ ಲೆಕ್ಕ.

ದೊಡ್ಡಮ್ಮನ ಕಾರ್ಡಿನಲ್ಲಿದ್ದ ಹನ್ನೊಂದೂ ಅಂಕಿ ಕೂತಾಗಿನವು. ಅವರು ಕೂತು ಎಂದೂ ಬಿದ್ದಿರಲಿಲ್ಲ! ನಾಲ್ಕು ಸಲವೂ ಬಿದ್ದದ್ದು ನಸುಕಿನಲ್ಲಿ ಮಂಚದಿಂದ ಎದ್ದು ಹತ್ತು ಹೆಜ್ಜೆಯೊಳಗೆ. ಆಪರೇಷನ್ ಆದಮೇಲೆ ಯಾರೋ ಪುಣ್ಯಾತ್ಮ ನರ್ಸ್ ನಿಲ್ಲಿಸಿ ನೋಡಿದರು. ಮಲಗಿದ್ದಾಗ 146, ನಿಂತಾಗ 112.

ಇನ್ನೊಂದು, ಗುಳಿಗೆಯ ಚೀಲ. ನಮ್ಮ ಹಿರಿಯರ ಹತ್ತಿರ ಒಂದು ಚೀಲ ಇರುತ್ತದೆ, ಬಟ್ಟೆ ಅಂಗಡಿಯ ಪ್ಲಾಸ್ಟಿಕ್ ಚೀಲ. ಅದರಲ್ಲಿ ಸರಕಾರಿ ಕೇಂದ್ರದ ಬಿ.ಪಿ. ಗುಳಿಗೆ ಆಮ್ಲೋಡಿಪಿನ್, ಪಟ್ಟಣದ ಡಾಕ್ಟರ್ ಬರೆದ ಇನ್ನೊಂದು ಬಿ.ಪಿ. ಗುಳಿಗೆ ಟೆಲ್ಮಿಸಾರ್ಟಾನ್, ಮೂತ್ರ ಇಳಿಸುವ ಗುಳಿಗೆ, ನಿದ್ದೆ ಬರಲ್ಲ ಅಂದಿದ್ದಕ್ಕೆ ಮೆಡಿಕಲ್ ಅಂಗಡಿಯವರು ಕೊಟ್ಟ ಆಲ್ಪ್ರಾಜೋಲಮ್, ನೆಗಡಿಗೆ ತಂದ ಗುಳಿಗೆ, ಮೊಣಕಾಲು ನೋವಿಗೆ ಹೆಸರೇ ಇಲ್ಲದ ಪೊಟ್ಟಣ ಎಲ್ಲಾ ಇರುತ್ತವೆ. ಒಬ್ಬ ಡಾಕ್ಟರ್ ಬರೆದದ್ದು ಇನ್ನೊಬ್ಬರಿಗೆ ಗೊತ್ತಿರುವುದಿಲ್ಲ. ನಿದ್ದೆ ಗುಳಿಗೆ ರಾತ್ರಿ ಎದ್ದಾಗ ಕಾಲು ತಪ್ಪಿಸುತ್ತದೆ. ನೆಗಡಿಯ ಕೆಲವು ಹಳೆಯ ಗುಳಿಗೆಗಳೂ ಹಾಗೇ ಮಂಪರು ತರುತ್ತವೆ. ಮೂತ್ರದ ಗುಳಿಗೆಯನ್ನು ಸಂಜೆ ತೆಗೆದುಕೊಂಡರೆ ರಾತ್ರಿಯಲ್ಲಿ ಮೂರು ಸಲ ಕತ್ತಲಲ್ಲಿ ಎದ್ದು ಹೋಗಬೇಕು. ಗಂಡಸರ ಪ್ರಾಸ್ಟೇಟ್ ತೊಂದರೆಗೆ ಕೊಡುವ ಕೆಲವು ಗುಳಿಗೆ ನಿಂತಾಗಿನ ಬಿ.ಪಿ. ಇಳಿಸುತ್ತವೆ. ಶುಗರ್ ಇಳಿಸುವ ಗ್ಲಿಮೆಪಿರೈಡ್ ನುಂಗಿ ಏಕಾದಶಿ ಉಪವಾಸ ಮಾಡಿದರೆ, ರೋಜಾ ಇಟ್ಟರೆ, ಅಥವಾ ಸುಮ್ನೆ ಹಸಿವಿಲ್ಲ ಅಂತ ರೊಟ್ಟಿ ಬಿಟ್ಟರೆ ಶುಗರ್ ಕೆಳಗೆ ಇಳಿದು ಬೀಳುತ್ತಾರೆ. ಆ ಹೆಸರಿಲ್ಲದ ಪೊಟ್ಟಣದಲ್ಲಿ ಎಷ್ಟೋ ಸಲ ಸ್ಟೀರಾಯ್ಡ್ ಇರುತ್ತದೆ. ನೋವು ಜಾದೂ ಹಾಗೆ ಹೋಗುತ್ತದೆ, ವರ್ಷಗಟ್ಟಲೆ ತಿಂದರೆ ಎಲುಬು, ತೊಡೆಯ ಸ್ನಾಯು ಎರಡೂ ಸವೆಯುತ್ತವೆ.

ಇದಕ್ಕೆ ಬೇಸಿಗೆ ಸೇರಿಸಿ. ಏಪ್ರಿಲ್, ಮೇನಲ್ಲಿ ನಮ್ಮ ಕಡೆ 42, 43 ಡಿಗ್ರಿ ಮಾಮೂಲು. ಬೆವರಿ ನೀರು ಹೋಗುತ್ತದೆ, ಬಿ.ಪಿ. ತಾನೇ ಇಳಿಯುತ್ತದೆ, ಮೇಲೆ ಚಳಿಗಾಲದ ಡೋಸ್ ಹಾಗೇ ನಡೆದಿರುತ್ತದೆ. ರಾತ್ರಿ ಸೆಕೆ ತಾಳದೆ ಕಟಕಟೆ ಇಲ್ಲದ ಮಾಳಿಗೆ ಮೇಲೆ ಮಲಗುತ್ತಾರೆ. ಬೇಸಿಗೆ ಬಂದಾಗ ವಯಸ್ಸಾದವರ ಬಿ.ಪಿ. ಗುಳಿಗೆಯನ್ನು ಒಮ್ಮೆ ಮರುಪರಿಶೀಲಿಸುವುದು ನಮ್ಮ ಮೂರು ಜಿಲ್ಲೆಗಳಲ್ಲಿ ಪದ್ಧತಿಯೇ ಆಗಬೇಕು ಅನ್ನುವುದು ನನ್ನ ವಾದ.

ಇಲ್ಲಿ ಒಂದು ಎಚ್ಚರಿಕೆ. ಇದನ್ನು ಓದಿ ಯಾರೂ ಮನೆಯ ಹಿರಿಯರ ಬಿ.ಪಿ. ಗುಳಿಗೆ ನಿಲ್ಲಿಸಬೇಡಿ. ನಿಲ್ಲಿಸಿದರೆ ಲಕ್ವ ಹೊಡೆಯಬಹುದು, ಅದು ಬೀಳುವುದಕ್ಕಿಂತ ಕೆಟ್ಟದ್ದು. ಡೋಸ್ ಬದಲಿಸುವುದು, ಹೊತ್ತು ಬದಲಿಸುವುದು, ಎರಡು ಕಡೆಯ ಗುಳಿಗೆ ಒಂದಾಗಿಸುವುದು ಡಾಕ್ಟರ ಕೆಲಸ. ಚೀಲವನ್ನು ಹಾಗೇ ತೆಗೆದುಕೊಂಡು ಹೋಗಿ ಅವರ ಮೇಜಿನ ಮೇಲೆ ಸುರಿಯುವುದು ನಮ್ಮ ಕೆಲಸ. ದೊಡ್ಡಮ್ಮನ ವಿಷಯದಲ್ಲಿ ನಿದ್ದೆ ಗುಳಿಗೆಯನ್ನು ನಿಧಾನವಾಗಿ ಬಿಡಿಸಿದರು, ಮೂತ್ರದ ಗುಳಿಗೆಯನ್ನು ಬೆಳಗ್ಗೆಗೆ ತಂದರು. ಬಿ.ಪಿ. ಗುಳಿಗೆ ಒಂದು ಇನ್ನೂ ಇದೆ.

ಶಹಾಬಾದ್ ಕಲ್ಲಿನ ಮನೆ

ಮನೆಯ ವಿಷಯಕ್ಕೆ ಬಂದರೆ ನಮ್ಮ ಊರುಗಳದ್ದು ಬೇರೆಯೇ ಕತೆ. ಅಂತರ್ಜಾಲದಲ್ಲಿ ಸಿಗುವ ಸಲಹೆಗಳಲ್ಲಿ ಕಾರ್ಪೆಟ್ ತೆಗೆಯಿರಿ ಅಂತ ಇರುತ್ತದೆ. ನಮ್ಮಲ್ಲಿ ಕಾರ್ಪೆಟ್ ಎಲ್ಲಿದೆ? ನಮ್ಮಲ್ಲಿರುವುದು ಶಹಾಬಾದ್ ಕಲ್ಲು. ನಮ್ಮದೇ ಜಿಲ್ಲೆಯ ನೆಲದಿಂದ ಎದ್ದ ಸುಣ್ಣದಕಲ್ಲು. ಬಡವರ ಬಚ್ಚಲಿನಿಂದ ಶ್ರೀಮಂತರ ಪಡಸಾಲೆವರೆಗೆ ಎಲ್ಲಾ ಕಡೆ ಅದೇ ಫರಸಿ. ಬೇಸಿಗೆಯಲ್ಲಿ ತಂಪು, ಗಟ್ಟಿ, ಮೂರು ತಲೆಮಾರು ಬಾಳುತ್ತದೆ. ಆ ಮೂರು ತಲೆಮಾರಿನ ಕಾಲು ಉಜ್ಜಿ ಉಜ್ಜಿ ಅದು ಕನ್ನಡಿ ಹಾಗಾಗಿರುತ್ತದೆ. ಅದರ ಮೇಲೆ ಸೋಪಿನ ನೀರು, ತಲೆಗೆ ಹಚ್ಚಿದ ಎಣ್ಣೆ ಬಿದ್ದರೆ ಹದಿನೆಂಟರ ಹುಡುಗನೂ ಜಾರುತ್ತಾನೆ. ಸವೆದ ಹವಾಯಿ ಚಪ್ಪಲಿ ಹಾಕಿದವರಂತೂ ಸರಿಯೇ ಸರಿ.

ಕಲ್ಲು ಕಿತ್ತು ಟೈಲ್ಸ್ ಹಾಕಿಸುವುದು ಬೇಡ. ನುಣುಪು ಟೈಲ್ಸ್ ಇನ್ನೂ ಅಪಾಯ. ಬೀಸುಕಲ್ಲಿಗೆ ಉಳಿಯಿಂದ ಕಚ್ಚು ಹಾಕಿಸುತ್ತಾರಲ್ಲ, ಹಾಗೆ ಬಚ್ಚಲಿನ ಕಲ್ಲಿಗೂ ಹಾಕಿಸಬಹುದು. ನಾವು ಅದನ್ನೇ ಮಾಡಿಸಿದೆವು. ಊರಿನ ವೆಲ್ಡಿಂಗ್ ಅಂಗಡಿಯವರು ಒಂದು ಪೈಪ್ ಬಗ್ಗಿಸಿ ಬಚ್ಚಲ ಗೋಡೆಗೆ ಹಿಡಿಕೆ ಮಾಡಿಕೊಟ್ಟರು. ಒಂದು ಹಿಡಿಕೆ ಸೊಂಟದ ಎತ್ತರಕ್ಕೆ, ಇನ್ನೊಂದು ಶೌಚಾಲಯದಲ್ಲಿ ಕುಕ್ಕರಗಾಲಲ್ಲಿ ಕೂತು ಏಳುವಾಗ ಕೈಗೆ ಸಿಗುವ ಹಾಗೆ. ಎತ್ತರದ ಹೊಸ್ತಿಲನ್ನು ಮುಟ್ಟಲು ದೊಡ್ಡಮ್ಮ ಬಿಡಲಿಲ್ಲ, ಅಲ್ಲಿ ಪೂಜೆ ಮಾಡುತ್ತಾರೆ. ಸರಿ, ಹೊಸ್ತಿಲ ಅಂಚಿಗೆ ಅರಿಶಿನ ಇನ್ನಷ್ಟು ಗಾಢವಾಗಿ ಹಚ್ಚಿ ಅಂದೆವು. ನಸುಗತ್ತಲಲ್ಲೂ ಎದ್ದು ಕಾಣುತ್ತದೆ.

ರಾತ್ರಿ ಶೌಚಕ್ಕೆ ಹೋಗುವುದು ಎಲ್ಲಕ್ಕಿಂತ ದೊಡ್ಡ ತಲೆನೋವು. ಮನೆಗೆ ಶೌಚಾಲಯ ಬಂದಿದೆ, ಆದರೆ ಅದು ಹಿತ್ತಲಿನ ಮೂಲೆಯಲ್ಲಿದೆ. ಎಷ್ಟೋ ಹಿರಿಯರು ಇಂದಿಗೂ ತಂಬಿಗೆ ಹಿಡಿದು ನಸುಕಿನಲ್ಲಿ ಬಯಲಿಗೇ ಹೋಗುತ್ತಾರೆ. ಕರೆಂಟ್ ಹೋದರೆ ಮುಗಿಯಿತು. ಬ್ಯಾಟರಿ ದೀಪ ತಲೆದಿಂಬಿನ ಪಕ್ಕ ಇರಲಿ, ಕಾಲು ಇಳಿಬಿಟ್ಟು ಮಂಚದ ಮೇಲೆ ಎರಡು ನಿಮಿಷ ಕೂತು ಆಮೇಲೆ ಏಳಲಿ. ತೀರಾ ನಿಶ್ಶಕ್ತರಿಗೆ ರಾತ್ರಿ ಹೊತ್ತು ಮಂಚದ ಪಕ್ಕವೇ ಕಮೋಡ್ ಕುರ್ಚಿ ಇಡುವುದರಲ್ಲಿ ನಾಚಿಕೆ ಏನಿಲ್ಲ. ಮನೆ ಸರಿಪಡಿಸುವುದರ ಬಗ್ಗೆ 2023ರಲ್ಲಿ ಬಂದ ಕಾಕ್ರೇನ್ ವಿಮರ್ಶೆಯಲ್ಲಿ, ಅಂದರೆ ಹಲವು ಪ್ರಯೋಗಗಳ ಫಲಿತಾಂಶವನ್ನು ಒಟ್ಟಿಗೆ ತೂಗಿ ನೋಡುವ ವರದಿಯಲ್ಲಿ, ಒಂದು ಕುತೂಹಲದ ಅಂಶ ಇದೆ. ಈಗಾಗಲೇ ಬಿದ್ದವರು, ದಿನದ ಕೆಲಸಕ್ಕೂ ನೆರವು ಬೇಕಾದವರ ಮನೆಗಳಲ್ಲಿ ಹೀಗೆ ಮಾಡಿದಾಗ ಬೀಳುವುದು ಶೇ 38ರಷ್ಟು ಕಡಿಮೆಯಾಯಿತು. ಗಟ್ಟಿಮುಟ್ಟಾಗಿ ಇರುವವರಲ್ಲಿ ಅಂಥ ಲಾಭ ಕಾಣಲಿಲ್ಲ. ಹಾಗಾಗಿ ಎಲ್ಲರ ಮನೆಗೂ ಹಿಡಿಕೆ ಹಾಕಿಸುವ ಯೋಜನೆ ಬೇಡ. ಯಾರು ಬೀಳುತ್ತಿದ್ದಾರೆ ಅಂತ ಮೊದಲು ಗೊತ್ತಾಗಬೇಕು. ಮತ್ತೆ ಆ ಪ್ರಶ್ನೆಗೇ ಬಂದೆವು, ಅಲ್ವಾ?

ಕಣ್ಣಿನ ಮಾತು ಚುಟುಕಾಗಿ. ಪೊರೆ ಬಂದಿದ್ದರೆ ತೆಗೆಸಿ, ತಡ ಮಾಡಬೇಡಿ. ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ನಲ್ಲಿ ಎಪ್ಪತ್ತು ದಾಟಿದ 306 ಹೆಂಗಸರ ಮೇಲೆ ನಡೆದ ಅಧ್ಯಯನ 2005ರಲ್ಲಿ ಪ್ರಕಟವಾಯಿತು. ಮೊದಲ ಕಣ್ಣಿನ ಆಪರೇಷನ್ ಬೇಗ ಆದವರು, ವರ್ಷ ಕಾದವರಿಗಿಂತ ಮೂರನೇ ಒಂದರಷ್ಟು ಕಡಿಮೆ ಬಿದ್ದರು. ಮನೆಮನೆಗೆ ಹೋಗಿ ಕಣ್ಣು ನೋಡುವ ಆಶಾಕಿರಣ ಯೋಜನೆ ನಮ್ಮ ರಾಜ್ಯದಲ್ಲಿದೆ. ಆ ಪಟ್ಟಿಯಲ್ಲಿ ಬಿದ್ದವರ ಹೆಸರನ್ನು ಮೇಲಕ್ಕೆ ತಂದರೆ ಸಾಕು. ಸಕ್ಕರೆ ಕಾಯಿಲೆಯವರ ಅಂಗಾಲು ಮರಗಟ್ಟಿದೆಯಾ ಅಂತ ಮುಟ್ಟಿ ನೋಡುವುದೂ ಅಷ್ಟೇ, ಎರಡು ನಿಮಿಷದ ಕೆಲಸ.

ಚೀಟಿ ಬರೆದರೆ ಸಾಲದು

ಈಗ ಕಷ್ಟದ ಉಳಿದರ್ಧ. ಪ್ರಾಥಮಿಕ ಆರೋಗ್ಯ ಕೇಂದ್ರಗಳ ಮೂಲಕ ಬೀಳುವುದನ್ನು ತಡೆಯಬಹುದಾ ಅಂತ ಎರಡು ದೊಡ್ಡ ಪ್ರಯೋಗಗಳು ನಡೆದವು, ಎರಡರ ಫಲಿತಾಂಶವೂ 2020ರಲ್ಲಿ ಬಂತು. ಅಮೆರಿಕದ ಸ್ಟ್ರೈಡ್ ಪ್ರಯೋಗದಲ್ಲಿ 86 ಕ್ಲಿನಿಕ್‌ಗಳು, ಎಪ್ಪತ್ತು ದಾಟಿದ 5,451 ಜನ. ತರಬೇತಿ ಪಡೆದ ನರ್ಸ್‌ಗಳು ಪ್ರತಿಯೊಬ್ಬರ ಅಪಾಯ ನೋಡಿ, ಯೋಜನೆ ಮಾಡಿ, ಬೇರೆ ಬೇರೆ ಕಡೆ ಕಳಿಸಿದರು. ಗಂಭೀರ ಗಾಯಗಳು ಶೇ 8ರಷ್ಟು ಕಡಿಮೆಯಾದವು, ಆದರೆ ಅದು ಆಕಸ್ಮಿಕವೂ ಇರಬಹುದು ಅನ್ನುವಷ್ಟು ಚಿಕ್ಕ ವ್ಯತ್ಯಾಸ. ಇಂಗ್ಲೆಂಡಿನ ಪ್ರಿಫಿಟ್ ಪ್ರಯೋಗದಲ್ಲಿ 9,803 ಜನ ಇದ್ದರು. ಅಂಚೆಯಲ್ಲಿ ಸಲಹೆಯ ಪುಸ್ತಕ ಕಳಿಸಿದವರಿಗೂ, ಅಪಾಯ ಅಳೆದು ವ್ಯಾಯಾಮಕ್ಕೋ ಪೂರ್ತಿ ತಪಾಸಣೆಗೋ ಕರೆದವರಿಗೂ ಎಲುಬು ಮುರಿಯುವುದರಲ್ಲಿ ವ್ಯತ್ಯಾಸ ಬರಲಿಲ್ಲ.

ಇದನ್ನು ಓದಿದಾಗ ನನ್ನ ವಾದವೇ ಬಿದ್ದು ಹೋಯಿತಲ್ಲ ಅನಿಸಿತು. ಆದರೆ ಇನ್ನೊಂದು ಬದಿ ಇದೆ. ಜನ ನಿಜವಾಗಿ ವ್ಯಾಯಾಮ ಮಾಡಿದ ಪ್ರಯೋಗಗಳನ್ನು ಮಾತ್ರ ತೆಗೆದುಕೊಂಡರೆ ಚಿತ್ರ ಬೇರೆ. 2019ರ ಕಾಕ್ರೇನ್ ವಿಮರ್ಶೆ 108 ಪ್ರಯೋಗಗಳನ್ನು, 23,407 ಜನರನ್ನು ನೋಡಿತು. ವ್ಯಾಯಾಮದಿಂದ ಬೀಳುವುದು ಶೇ 23ರಷ್ಟು ಕಡಿಮೆಯಾಯಿತು. ಸಮತೋಲ ಮತ್ತು ಕಾಲಿನ ಬಲ ಎರಡನ್ನೂ ಕಲಿಸಿದಾಗ ಶೇ 34. ಆ ಎರಡು ಪ್ರಯೋಗಗಳನ್ನೂ ಈ ವಿಮರ್ಶೆಯನ್ನೂ ಪಕ್ಕಪಕ್ಕ ಇಟ್ಟರೆ ನನಗೆ ತಿಳಿಯುವುದು ಇಷ್ಟು. ಅಪಾಯ ಅಳೆದು ಚೀಟಿ ಬರೆದು ಕಳಿಸಿದರೆ ಕಾಲು ಗಟ್ಟಿಯಾಗುವುದಿಲ್ಲ. ಕಾಲು ಗಟ್ಟಿಯಾಗುವುದು ವಾರಗಟ್ಟಲೆ, ತಿಂಗಳುಗಟ್ಟಲೆ ಎದ್ದು ಕೂತು ಮಾಡಿದರೆ. ನಮ್ಮ ಆಶಾ ಕಾರ್ಯಕರ್ತೆಯ ಟಿಕ್ಕಿನ ಗತಿಯೇ ಇಂಗ್ಲೆಂಡಿನ ಚೀಟಿಯ ಗತಿಯೂ.

ವ್ಯಾಯಾಮ ಅಂದರೆ ವಾಕಿಂಗ್ ಅಂತ ನಾವು ತಿಳಿದುಕೊಂಡಿದ್ದೇವೆ. ಕಲಬುರಗಿಯ ಪಬ್ಲಿಕ್ ಗಾರ್ಡನ್, ಅಪ್ಪನ ಕೆರೆ ಸುತ್ತ ಬೆಳಗ್ಗೆ ಹಿರಿಯರ ದಂಡೇ ಇರುತ್ತದೆ. ಹೃದಯಕ್ಕೆ ಒಳ್ಳೆಯದು, ಹರಟೆಗೂ ಒಳ್ಳೆಯದು. ಆದರೆ ಬರೀ ನಡೆದರೆ ಬೀಳುವುದು ಕಡಿಮೆಯಾಗುತ್ತದೆ ಅನ್ನುವುದಕ್ಕೆ ಗಟ್ಟಿ ಪುರಾವೆ ಇಲ್ಲ. ಬೇಕಾಗಿರುವುದು ಸಮತೋಲವನ್ನು ಸ್ವಲ್ಪ ಕೆಣಕುವ ವ್ಯಾಯಾಮ. ಕಿಟಕಿಯ ಸರಳು ಹಿಡಿದು ತುದಿಗಾಲಲ್ಲಿ ನಿಲ್ಲುವುದು, ಹಿಮ್ಮಡಿಯ ಮೇಲೆ ನಿಲ್ಲುವುದು, ಒಂದು ಕಾಲಿನ ಮೇಲೆ ನಿಲ್ಲುವುದು, ಒಂದು ಪಾದದ ಮುಂದೆ ಇನ್ನೊಂದು ಪಾದ ತಾಗಿಸಿ ನಡೆಯುವುದು, ಕೈಯೂರದೆ ಕುರ್ಚಿಯಿಂದ ಹತ್ತು ಸಲ ಏಳುವುದು. ದಿನ ಹೋದಂತೆ ಎರಡು ಕೈ ಬಿಟ್ಟು ಒಂದು ಕೈ, ಆಮೇಲೆ ಎರಡು ಬೆರಳು ಹಿಡಿಯುವುದು. ಎಲ್ಲಾ ಸೇರಿ ವಾರಕ್ಕೆ ಮೂರು ಗಂಟೆ ಆದರೆ ಒಳ್ಳೆಯದು. ನಮ್ಮ ಓಣಿಯ ಚಾಚಾ ಒಬ್ಬರು ಐದು ಹೊತ್ತು ನಮಾಜ್ ಮಾಡುತ್ತಾರೆ, ಎಂಬತ್ತರಲ್ಲೂ ನೆಲದಿಂದ ಕೈಯೂರದೆ ಏಳುತ್ತಾರೆ. ಇದು ಸಂಶೋಧನೆ ಅಲ್ಲ, ನಾನು ಕಂಡದ್ದು. ನೆಲದ ಮೇಲೆ ಕೂತು ರೊಟ್ಟಿ ಬಡಿಯುತ್ತಿದ್ದ ನಮ್ಮ ಹೆಂಗಸರಿಗೂ ಈ ಶಕ್ತಿ ಇತ್ತು. ಕುರ್ಚಿ, ಮಂಚ ಬಂದ ಮೇಲೆ ಹೋಯಿತು ಅಂತ ದೊಡ್ಡಮ್ಮ ಗೊಣಗುತ್ತಾರೆ.

ಇದನ್ನು ಕಲಿಸುವವರು ಯಾರು? ಫಿಜಿಯೊಥೆರಪಿಸ್ಟ್ ಸಿಗಬೇಕಾದರೆ ಜಿಲ್ಲಾ ಆಸ್ಪತ್ರೆಗೋ, ಅದೃಷ್ಟ ಇದ್ದರೆ ತಾಲೂಕಿಗೋ ಹೋಗಬೇಕು. ಕಲಬುರಗಿಯ ಜಿಮ್ಸ್, ಬೀದರಿನ ಬ್ರಿಮ್ಸ್, ಯಾದಗಿರಿಯ ಯಿಮ್ಸ್ ಹೀಗೆ ಮೂರೂ ಕಡೆ ಸರಕಾರಿ ವೈದ್ಯಕೀಯ ಕಾಲೇಜು ಇವೆ. ಆದರೆ ಹುಣಸಗಿಯ ಹಳ್ಳಿಯಿಂದ, ಔರಾದಿನ ತಾಂಡಾದಿಂದ ವಾರಕ್ಕೆ ಮೂರು ಸಲ ಯಾರು ಬರುತ್ತಾರೆ? ಕಲಿಸುವವರು ಊರಲ್ಲೇ ಇರಬೇಕು. ನ್ಯೂಜಿಲೆಂಡಿನ ಒಟಾಗೊ ವ್ಯಾಯಾಮ ಕ್ರಮ ಇಲ್ಲಿ ನಮಗೆ ದಾರಿ ತೋರಿಸುತ್ತದೆ. ಮೊದಲು ಫಿಜಿಯೊಗಳು ಕಲಿಸಿದರು. ಆಮೇಲೆ ತರಬೇತಿ ಪಡೆದ ನರ್ಸ್‌ಗಳು 75 ದಾಟಿದವರ ಮನೆಗೇ ಹೋಗಿ ಕಲಿಸಿದರು, ಆಗಲೂ ಬೀಳುವುದು ಕಡಿಮೆಯಾಯಿತು. ನಮ್ಮ ಉಪಕೇಂದ್ರಗಳಲ್ಲಿ, ಅಂದರೆ ಈಗ ಆಯುಷ್ಮಾನ್ ಆರೋಗ್ಯ ಮಂದಿರ ಅನ್ನುವ ಕೇಂದ್ರಗಳಲ್ಲಿ, ಸಮುದಾಯ ಆರೋಗ್ಯ ಅಧಿಕಾರಿಗಳಿದ್ದಾರೆ. ಹೆಚ್ಚಿನವರು ನರ್ಸಿಂಗ್ ಓದಿದವರೇ. ವೃದ್ಧರ ಆರೈಕೆ ಅವರ ಕೆಲಸದ ಪಟ್ಟಿಯಲ್ಲೇ ಇದೆ, ಯೋಗ ಹೇಳಿಕೊಡುವುದೂ ಇದೆ. ಅದೇ ಯೋಗದ ದಿನ ಪದ್ಮಾಸನದ ಬದಲು ಹಿರಿಯರಿಗೆ ಕುರ್ಚಿ ಹಿಡಿದು ನಿಲ್ಲುವುದನ್ನು ಕಲಿಸಿದರೆ ಸಾಕು.

ಕೆಲಸ ವಿಪರೀತ ಜಾಸ್ತಿ ಆಗುತ್ತದಾ? ಲೆಕ್ಕ ಹಾಕೋಣ. ಬಯಲು ಸೀಮೆಯಲ್ಲಿ ಒಂದು ಉಪಕೇಂದ್ರಕ್ಕೆ 5,000 ಜನ. 2011ರ ಜನಗಣತಿಯಲ್ಲಿ ದೇಶದಲ್ಲಿ ಅರುವತ್ತು ದಾಟಿದವರು ಶೇ 8.6. ಅಂದರೆ ಒಂದು ಕೇಂದ್ರಕ್ಕೆ ಸುಮಾರು 430 ಹಿರಿಯರು. ಐದಕ್ಕೊಬ್ಬರು ವರ್ಷದಲ್ಲಿ ಬೀಳುತ್ತಾರೆ ಅಂತ ಕಡಿಮೆಯೇ ಹಿಡಿದರೂ 86 ಜನ. ತಿಂಗಳಿಗೆ ಏಳು. ಏಳು ಜನರನ್ನು ನಿಲ್ಲಿಸಿ ಬಿ.ಪಿ. ನೋಡುವುದು, ಚೀಲ ಸುರಿಸುವುದು, ಪ್ಲಾಸ್ಟಿಕ್ ಕುರ್ಚಿಯನ್ನು ಗೋಡೆಗೆ ಒತ್ತಿಟ್ಟು "ಏಳಿ, ಮೂರು ಮೀಟರ್ ನಡೆದು, ತಿರುಗಿ ಬಂದು ಕೂರಿ" ಅಂತ ಮೊಬೈಲಿನಲ್ಲಿ ಸಮಯ ನೋಡುವುದು. 12 ಸೆಕೆಂಡ್ ಅಥವಾ ಜಾಸ್ತಿ ಹಿಡಿದರೆ ಅಪಾಯ ಇದೆ ಅಂತ ಸಿಡಿಸಿಯ ಲೆಕ್ಕ. ತಿಂಗಳಿಗೆ ಏಳು ಜನರಿಗೆ ಇಷ್ಟು ಮಾಡಲಾಗದ ಕೇಂದ್ರ ಇರಲಾರದು. ಆದರೆ ಒಂದು ಮಾತು. ರಿಜಿಸ್ಟರಿನಲ್ಲಿ ಕಾಲಂ ಇಲ್ಲದ ಕೆಲಸ ನಮ್ಮಲ್ಲಿ ನಡೆಯುವುದಿಲ್ಲ, ಗೌರವಧನ ಇಲ್ಲದ ಕೆಲಸವನ್ನು ಆಶಾಗಳ ತಲೆಗೆ ಕಟ್ಟುವುದು ಅನ್ಯಾಯ. ಕೋಲಾರದಲ್ಲಿ 2024ರಲ್ಲಿ ಶುರುವಾದ ಗೃಹ ಆರೋಗ್ಯ ಯೋಜನೆಯಲ್ಲಿ ಮನೆಬಾಗಿಲಲ್ಲೇ ಬಿ.ಪಿ., ಶುಗರ್ ನೋಡುತ್ತಾರೆ. ಮನೆಯೊಳಗೆ ಕಾಲಿಟ್ಟ ಮೇಲೆ ಬಚ್ಚಲ ಕಡೆ ಒಮ್ಮೆ ಕಣ್ಣು ಹಾಯಿಸುವುದಕ್ಕೂ ಒಂದು ಕಾಲಂ, ಅದಕ್ಕೊಂದಿಷ್ಟು ಹಣ ಇರಬೇಕು.

ವಿಟಮಿನ್ ಡಿ ಬಗ್ಗೆ ಯಾರಾದರೂ ಕೇಳೇ ಕೇಳುತ್ತಾರೆ. 60,000 ಯೂನಿಟ್‌ನ ಪೊಟ್ಟಣ ಈಗ ಪ್ರಸಾದದ ಹಾಗೆ ಹಂಚಿಕೆಯಾಗುತ್ತಿದೆ. ಕೊರತೆ ಇದೆ ಅಂತ ಪರೀಕ್ಷೆಯಲ್ಲಿ ಬಂದವರು ತೆಗೆದುಕೊಳ್ಳಲಿ. ಬೀಳದಿರಲಿ ಅಂತ ಸುಮ್ನೆ ನುಂಗುವುದರಿಂದ ಲಾಭ ಇಲ್ಲ. ಆಸ್ಟ್ರೇಲಿಯಾದಲ್ಲಿ ಎಪ್ಪತ್ತು ದಾಟಿದ ಹೆಂಗಸರಿಗೆ ವರ್ಷಕ್ಕೊಮ್ಮೆ ಐದು ಲಕ್ಷ ಯೂನಿಟ್ ಕೊಟ್ಟು ನೋಡಿದರು. 2010ರಲ್ಲಿ ಫಲಿತಾಂಶ ಬಂದಾಗ, ಗುಳಿಗೆ ತೆಗೆದುಕೊಂಡವರೇ ಜಾಸ್ತಿ ಬಿದ್ದಿದ್ದರು, ಜಾಸ್ತಿ ಎಲುಬು ಮುರಿದುಕೊಂಡಿದ್ದರು.

ಇಷ್ಟೆಲ್ಲಾ ಮಾಡಿಯೂ ಬಿದ್ದರೆ? ಬಿದ್ದವರ ಒಂದು ಕಾಲು ಗಿಡ್ಡವಾದಂತೆ ಕಂಡರೆ, ಪಾದ ಹೊರಗೆ ತಿರುಗಿದ್ದರೆ, ಟೊಂಕ ಮುರಿದಿದೆ ಅಂತಲೇ ತಿಳಿಯಿರಿ. ಎಳೆಯಬೇಡಿ, ತಿಕ್ಕಬೇಡಿ, ಕಟ್ಟು ಹಾಕುವವರ ಹತ್ತಿರ ಒಯ್ಯಬೇಡಿ. 108ಕ್ಕೆ ಫೋನ್ ಮಾಡಿ. ಎರಡು ದಿನದೊಳಗೆ ಆಪರೇಷನ್ ಆಗಿ ಮರುದಿನವೇ ಎದ್ದು ನಿಂತವರು ಉಳಿಯುವ ಸಾಧ್ಯತೆ ಜಾಸ್ತಿ. ದೊಡ್ಡಮ್ಮನ ವಿಷಯದಲ್ಲಿ ನಾವು ಎಣ್ಣೆ ತಿಕ್ಕಿಸಿ, ಕಟ್ಟು ಹಾಕಿಸಿ ಐದು ದಿನ ಕಳೆದಿದ್ದೆವು. ಓದಿದ ಮನೆಯವರೇ!

ದೊಡ್ಡಮ್ಮ ಈಗ ವಾಕರ್ ಹಿಡಿದು ನಡೆಯುತ್ತಾರೆ. ಗುಡಿ ಕಟ್ಟೆಯವರೆಗೆ ಹೋಗುತ್ತಾರೆ. ಅವರ ಊರಿನ ಉಪಕೇಂದ್ರಕ್ಕೆ ಹೊಸದಾಗಿ ಬಂದ ಹುಡುಗಿ ಚುರುಕು. ಹೋದ ತಿಂಗಳು ಗುಳಿಗೆ ತರಲು ನಾನೇ ಜೊತೆಗೆ ಹೋಗಿದ್ದೆ. ಬಿ.ಪಿ. ನೋಡಿ, ಎಬ್ಬಿಸಿ ಇನ್ನೊಮ್ಮೆ ನೋಡಿ, ಬರೆಯುತ್ತಾ ಬರೆಯುತ್ತಾ ಆಕೆ ಕೇಳಿದಳು, "ಅಜ್ಜಿ, ಹೋದ ಸಲ ಬಂದ ಮ್ಯಾಲ ಬಿದ್ದೀರೇನು?" ದೊಡ್ಡಮ್ಮ ನನ್ನ ಮುಖ ನೋಡಿದರು, ನೆಲ ನೋಡಿದರು. "ಒಂದ್ ಸಲ. ಹಿತ್ತಲಾಗ, ಎಮ್ಮಿ ಕಟ್ಟೂ ಗೂಟ ಎಡವಿ." ಆ ಗೂಟ ಶೌಚಾಲಯದ ದಾರಿಯ ಮಧ್ಯದಲ್ಲೇ ಇತ್ತು. ನಾವು ಎಷ್ಟೋ ಸಲ ಅದನ್ನು ದಾಟಿ ಓಡಾಡಿದವರೇ. ಸಂಜೆ ಅದನ್ನು ಕಿತ್ತು ಗೋಡೆಯ ಬದಿಗೆ ಹೊಡೆದೆವು. ಎಮ್ಮೆಗೆ ಜಾಗ ಹಿಡಿಸಲಿಲ್ಲ, ರಾತ್ರಿಯೆಲ್ಲಾ ಕೂಗಿತು.